ಏರಿಯಲ್ ಬುಡದ ಸರ

ಊರು ದಾಟಿದ ಮೇಲೆ ಕಾರು ಕೆಟ್ಟು ನಿಂತರೆ ಏನು ಮಾಡುವುದು? ನೈರೋಬಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮವರೆಲ್ಲರ ಭಯ ಇದು. ಪೇಟೆಯೊಳಗಾದರೆ ಯಾವುದಾದರೂ ಅಂಗಡಿಗೆ ನುಗ್ಗಿ ಟೆಲಿಫೋನ್ ಕೇಳಬಹುದು. ಮಗಾಡಿ ರಸ್ತೆಯಲ್ಲಿ ಮೂವತ್ತು ಮೈಲಿ ಹೋದ ಮೇಲೆ ಯಾರನ್ನು ಕೇಳುವುದು? ಅಲ್ಲಿ ಬಿಸಿಲು, ಮುಳ್ಳುಗಿಡ, ದೂರದಲ್ಲೊಬ್ಬ ದನ ಕಾಯುವವನು, ಅಷ್ಟೇ.

ಅಲ್ಲಿಯ ನ್ಗಾರಾ ಬಡಾವಣೆಯ ಫಿಲೋಮಿನಾಬಾಯಿ ಆ ರಸ್ತೆಯ ಹೆಸರು ಕೇಳಿದರೆ ಇಂದಿಗೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. 1986ರಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅವರ ಮಗ ಲಾರೆನ್ಸ್ ಅಲ್ಲಿಯೇ ತೀರಿಕೊಂಡ. ಕಾರಿನ ರೇಡಿಯೇಟರ್ ಒಡೆದಿತ್ತು. ಹುಡುಗನಿಗೆ ದಮ್ಮಿನ ಕಾಯಿಲೆ, ಮದ್ದು ಮುಗಿದಿತ್ತು. ಮಾರನೆಯ ದಿನ ಬೆಳಿಗ್ಗೆ ಲಾರಿಯವನೊಬ್ಬ ಅವನನ್ನು ಕಂಡ.

ಆ ದುಃಖದಲ್ಲಿಯೇ ಅವರ ಗಂಡ ಕಾಜಿಟನ್ ಎರಡು ವರ್ಷ ಓದಿ ಪರೀಕ್ಷೆ ಬರೆದು, ದೂರದವರೊಡನೆ ಮಾತಾಡಬಹುದಾದ ಹವ್ಯಾಸಿ ರೇಡಿಯೋದ ಪರವಾನಗಿ ಪಡೆದರು. ತಮ್ಮ ಪೆಜೋ ಕಾರಿಗೆ ರೇಡಿಯೋ ಸೆಟ್ಟು ಹಾಕಿಸಿ, ಹಿಂದಿನ ಬಂಪರಿಗೆ ಎತ್ತರದ ಏರಿಯಲ್ ನಿಲ್ಲಿಸಿದರು. ಎರಡು ವಾರಕ್ಕೊಮ್ಮೆ ಭಾನುವಾರ ಡಾಕ್ಟರ್ ಸೂರ್ಯನಾರಾಯಣರನ್ನೂ ಔಷಧಿಗಳನ್ನೂ ಕೂರಿಸಿಕೊಂಡು ಮಗಾಡಿ ಕಡೆಯ ಹಳ್ಳಿಗಳಿಗೆ ಹೋಗುವರು. ಕಿಲೆಲೆಶ್ವಾ ಬಡಾವಣೆಯ ಗೆಳೆಯ ಎಡ್ಮಂಡ್ ತನ್ನ ಮನೆಯ ಸೆಟ್ಟಿನ ಮುಂದೆ ಕುಳಿತು ಮಧ್ಯಾಹ್ನ ಮೂರು ಗಂಟೆಯ ಅವರ ಕರೆಗೆ ಕಾಯುವನು.

ಒಂದು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. 1989ರ ಈಸ್ಟರ್ ಕಳೆದ ಮೇಲೆ ರೇಡಿಯೋ ಕೆಟ್ಟಿತು.

ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಮಾರನೆಯ ದಿನದ ಪ್ರಯಾಣಕ್ಕೆ ಔಷಧಿಯ ಪೆಟ್ಟಿಗೆ ಕೊಡಲು ಡಾಕ್ಟರ ಹೆಂಡತಿ ಕಮಲಾಕ್ಷಿ ಬಂದರು. ಮೈಸೂರಿನ ಕಡೆಯವರು, ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವರು. ಅವರಿಗೂ ರೇಡಿಯೋದ ಪರವಾನಗಿ ಇತ್ತು.

"ಕಾಜಿಟನ್ ಅಣ್ಣ, ಹೋದ ಸಲ ಟೈರು ಸಿಡಿದಾಗ ನೀವು ಒಂದು ಗಂಟೆ ಕೂಗಿದ್ರಂತೆ?"

"ಕೂಗಿದೆ ಟೀಚರೇ. ಎಡ್ಮಂಡನಿಗೆ ಕೇಳಲೇ ಇಲ್ಲ. ಊಟ ಆದ ಮೇಲೆ ಅವನ ಕಿವಿ ನಿದ್ರೆ ಮಾಡ್ತದೆ."

"ನಗ್ಬೇಡಿ," ಎಂದರು ಫಿಲೋಮಿನಾಬಾಯಿ. "ಮೂರು ಗಂಟೆಯಿಂದ ಏಳರವರೆಗೆ ನಾನು ಫೋನಿನ ಹತ್ತಿರ ಕೂತಿದ್ದೆ. ಎಡ್ಮಂಡ್ ಅರ್ಧರ್ಧ ಗಂಟೆಗೆ ಫೋನು ಮಾಡಿ 'ಏನೂ ಕೇಳ್ತಾ ಇಲ್ಲ ಬಾಯಿ' ಅಂತಿದ್ದ. ಇನ್ನೊಂದು ಸಲ ನನ್ನಿಂದ ಆಗುವುದಿಲ್ಲ. ರೇಡಿಯೋ ಸರಿಯಾಗದೆ ನಾಳೆ ನೀವು ಹೊರಡುವುದು ಬೇಡ."

"ಸೆಟ್ಟಿಗೆ ವಯಸ್ಸಾಯ್ತು ಮಾರಾಯ್ತಿ. ಹೊಸತು ತರಿಸುವ."

"ಸೆಟ್ಟಿನ ಮೇಲೆ ತಪ್ಪು ಹೊರಿಸೋಕೆ ಮುಂಚೆ ಕರೆಂಟು, ಏರಿಯಲ್ಲು ಎರಡೂ ನೋಡೋಣ," ಎಂದು ಕಮಲಾಕ್ಷಿ ಚೀಲದಿಂದ ಮೀಟರ್ ತೆಗೆದರು.

"ಅದನ್ನೆಲ್ಲ ನಾನು ನೋಡಿಯಾಗಿದೆ!"

"ಕಣ್ಣಲ್ಲಿ ನೋಡಿದ್ರಿ. ಈಗ ಮೀಟರಿನಲ್ಲಿ ನೋಡೋಣ."

ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟ್ ಇತ್ತು. ಸೆಟ್ಟಿನ ಹಿಂಭಾಗದಲ್ಲಿಯೂ ಸುಮಾರು ಅಷ್ಟೇ. ಕಾಜಿಟನ್ ಗೆದ್ದವರಂತೆ ಹುಬ್ಬು ಹಾರಿಸಿದರು.

"ಇದು ಸುಮ್ನೆ ಕೇಳ್ತಾ ಇರೋವಾಗ. ಈಗ ಮಾತಾಡಿ."

ಕಾಜಿಟನ್ ಮೈಕಿನ ಗುಂಡಿ ಒತ್ತಿ ಮಾತಾಡಿದರು. ಸೆಟ್ಟಿನ ದೀಪ ಮಂಕಾಯಿತು. ಮೀಟರು ಒಂಬತ್ತೂವರೆಗೆ ಇಳಿಯಿತು. ಹಾಗೆಯೇ ಮಾತಾಡಿಸುತ್ತ ಬ್ಯಾಟರಿಯನ್ನು ಮತ್ತೆ ಅಳೆದರೆ, ಅಲ್ಲಿ ಇನ್ನೂ ಹನ್ನೆರಡು ಇತ್ತು.

"ದಾರಿಯಲ್ಲಿ ಎರಡೂವರೆ ವೋಲ್ಟ್ ಎಲ್ಲಿ ಹೋಯ್ತು ಅಣ್ಣ? ತಂತಿ ಮುಟ್ಟಿ ನೋಡಿ."

ಕಾಜಿಟನ್ ಮುಟ್ಟಿದವರು ಬಿಸಿ ತಾಳಲಾರದೆ ಚಟ್ಟನೆ ಕೈ ಎಳೆದುಕೊಂಡರು. ಕಮಲಾಕ್ಷಿ ಸೆಟ್ಟು ನಿಲ್ಲಿಸಿ, ಬ್ಯಾಟರಿಯ ಕೊಂಡಿ ಬಿಡಿಸಿ, ಕಾಲ ಕೆಳಗಿನ ಮ್ಯಾಟನ್ನು ಎತ್ತಿದರು. ಮೂವರೂ ಬಗ್ಗಿ ನೋಡಿದರು.

ಸಿಗರೇಟು ಹಚ್ಚುವ ತೂತಿನಿಂದ ಬಂದ ಸಣ್ಣ ತಂತಿಯ ಹೊದಿಕೆ ಕರಗಿ ತಾಮ್ರ ಕಾಣುತ್ತಿತ್ತು. ಮ್ಯಾಟಿನ ಅಡಿಭಾಗ ಅಂಗೈಯಗಲ ಸುಟ್ಟು ಕರಿಯಾಗಿತ್ತು. ಪ್ರತಿ ಸಲವೂ ಸ್ಪಿರಿಟ್ ಬಾಟಲಿಗಳ ಪೆಟ್ಟಿಗೆಯನ್ನು ಇಡುತ್ತಿದ್ದುದು ಸರಿಯಾಗಿ ಅದರ ಮೇಲೆ.

"ಯೇಸುವೇ!" ಫಿಲೋಮಿನಾಬಾಯಿ ಕಾರಿನ ಬಾಗಿಲನ್ನು ಹಿಡಿದುಕೊಂಡರು.

"ಎಡ್ಮಂಡ್ ದಪ್ಪ ತಂತಿ ಹಾಕಿದ್ರಲ್ಲ, ಅದೆಲ್ಲಿ?" ಎಂದು ಕೇಳಿದರು ಕಮಲಾಕ್ಷಿ.

ಕಾಜಿಟನ್ ತಲೆ ತಗ್ಗಿಸಿದರು. "ಪಕ್ಕದ ಮನೆಯವರ ಕಾರಿನಿಂದ ರೇಡಿಯೋ ಕದ್ದುಕೊಂಡು ಹೋದರಲ್ಲ. ಸಂಜೆ ಸೆಟ್ಟನ್ನು ಕಳಚಿ ಒಳಗೆ ತರಲು ಸುಲಭವಾಗಲಿ ಅಂತ ನಾನೇ ಇದನ್ನು ಹಾಕಿದೆ."

"ಫ್ಯೂಸ್ ಹೋಗ್ಲಿಲ್ವಾ?"

"ಹೋಗ್ತಿತ್ತು. ನಾಲ್ಕು ಸಲ ಹೋಯ್ತು. ಆಮೇಲೆ ಟೀ ಪೊಟ್ಟಣದ ಬೆಳ್ಳಿ ಕಾಗದ ಸುತ್ತಿದೆ. ಮತ್ತೆ ಹೋಗಲಿಲ್ಲ."

"ಹೇಗೆ ಹೋಗುತ್ತೆ? ಅಪಾಯ ಇದೆ ಅಂತ ಅದು ನಾಲ್ಕು ಸಲ ಹೇಳಿತು. ನೀವು ಅದರ ಬಾಯಿಗೆ ಕಾಗದ ತುರುಕಿದ್ರಿ. ಆ ಪೆಟ್ಟಿಗೆ ಮುಂದೆ ನನ್ನ ಗಂಡ ಕೂತಿರ್ತಾರೆ ಅಣ್ಣ!"

ಕಾಜಿಟನ್ ಮೂಲೆಯಲ್ಲಿ ಸುತ್ತಿಟ್ಟಿದ್ದ ದಪ್ಪ ತಂತಿಯನ್ನು ತಾವೇ ಹೋಗಿ ತಂದರು. ಇಬ್ಬರೂ ಸೇರಿ ಅದನ್ನು ನೇರವಾಗಿ ಬ್ಯಾಟರಿಯಿಂದಲೇ ಎಳೆದರು. ಬ್ಯಾಟರಿಯ ಪಕ್ಕದಲ್ಲಿಯೇ ಸರಿಯಾದ ಅಳತೆಯ ಫ್ಯೂಸ್ ಕೂರಿಸಿದರು. ತಗಡು ಕೊಯ್ಯದಂತೆ, ತಂತಿ ಹಾದುಹೋಗುವ ತೂತಿಗೆ ರಬ್ಬರಿನ ಬಳೆ ಹಾಕಿದರು. ಸೆಟ್ಟಿನ ಹತ್ತಿರ ಕಳಚಲು ಬರುವ ಗಟ್ಟಿ ಕೊಂಡಿ ಇಟ್ಟರು. ಕಳ್ಳರ ಭಯಕ್ಕೂ ಅದೇ ಪರಿಹಾರವಾಯಿತು.

ಈಗ ಮಾತಾಡಿದರೂ ದೀಪ ಮಂಕಾಗಲಿಲ್ಲ. ಆದರೆ, ಫೋನು ಮಾಡಿ ಸೆಟ್ಟಿನ ಮುಂದೆ ಕೂರಿಸಿದ್ದ ಎಡ್ಮಂಡನಿಂದ ಉತ್ತರ ಬರಲಿಲ್ಲ.

"ನಾನು ಹೇಳಲಿಲ್ಲವಾ, ಸೆಟ್ಟೇ ಹೋಗಿದೆ!"

"ತಡೀರಿ." ಕಮಲಾಕ್ಷಿ ಸೆಟ್ಟಿಗೂ ಏರಿಯಲಿಗೂ ನಡುವೆ ಇನ್ನೊಂದು ಮೀಟರ್ ಸೇರಿಸಿದರು. ಕಾಜಿಟನ್ ಮಾತಾಡುತ್ತಲೇ ಅದರ ಮುಳ್ಳು ಕೊನೆಗೆ ಹೋಗಿ ಬಡಿಯಿತು. "ನೋಡಿ, ಏರಿಯಲಿಗೆ ಕಳಿಸಿದ್ದೆಲ್ಲ ವಾಪಸ್ಸು ಬರ್ತಿದೆ. ನಿಮ್ಮ ಮಾತು ಕಾರು ಬಿಟ್ಟು ಹೊರಗೆ ಹೋಗ್ತಾನೇ ಇಲ್ಲ."

ಅವರು ಹಿಂದಕ್ಕೆ ಹೋಗಿ ಮಂಡಿಯೂರಿದರು. ಕೇಬಲಿನ ಜೋಡಣೆ ಗಟ್ಟಿಯಾಗಿತ್ತು. ಬಂಪರಿನ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿತ್ತು. ಕಬ್ಬಿಣ ಹೊಳೆಯುವವರೆಗೆ ಕೆರೆದು ಬಿಗಿದರು. ಮುಳ್ಳು ಸ್ವಲ್ಪವೂ ಇಳಿಯಲಿಲ್ಲ.

"ಈ ಬಿಳಿ ಪ್ಲಾಸ್ಟಿಕ್ ಬಿಲ್ಲೆ ಇದೆಯಲ್ಲ, ಇದು ಏರಿಯಲ್ ಸರಳನ್ನ ಕಾರಿನ ಮೈಯಿಂದ ಬೇರೆ ಇಡುತ್ತೆ. ಇದನ್ನ ದಾಟಿ ಒಂದು ಎಳೆ ಲೋಹ ಎರಡಕ್ಕೂ ತಾಗಿದ್ರೂ ಏರಿಯಲ್ ಮೂಕ ಆಗುತ್ತೆ. ಸರಿ, ಈ ಕಪ್ಪು ಟೇಪು ಯಾಕೆ ಸುತ್ತಿದೆ?"

"ಮಳೆಗೆ ಎಡ್ಮಂಡ್ ಸುತ್ತಿರಬೇಕು," ಎಂದರು ಕಾಜಿಟನ್.

ಫಿಲೋಮಿನಾಬಾಯಿ ಏರಿಯಲಿನ ಹತ್ತಿರ ಬಂದರು.

"ಎಡ್ಮಂಡ್ ಅಲ್ಲ," ಎಂದರು ಮೆಲ್ಲಗೆ. "ನಾನು."

ಅವರು ಕೆಳಗೆ ಕುಳಿತು ಟೇಪಿನ ತುದಿಯನ್ನು ಉಗುರಿನಿಂದ ಬಿಡಿಸತೊಡಗಿದರು. ಸುತ್ತು ಸುತ್ತಾಗಿ ಟೇಪು ಬಿಚ್ಚಿತು. ಒಳಗಿನಿಂದ ಚಿನ್ನದ ಸರವೊಂದು ಇಣುಕಿತು. ಅದರಲ್ಲಿ ಪ್ರಯಾಣಿಕರನ್ನು ಕಾಯುವ ಸಂತ ಕ್ರಿಸ್ತೋಫರನ ಪದಕ.

ಲಾರೆನ್ಸನ ಕೊರಳಿನಲ್ಲಿ ಇದ್ದ ಸರ ಅದು. ಮಗನನ್ನು ನುಂಗಿದ ಆ ರಸ್ತೆಯಲ್ಲಿ ಸಂತನು ಗಂಡನನ್ನಾದರೂ ಕಾಯಲಿ ಎಂದು, ಶುಭ ಶುಕ್ರವಾರ ಇಗರ್ಜಿಯಿಂದ ಬಂದವರೇ ಆ ತಾಯಿ ಯಾರಿಗೂ ಹೇಳದೆ ಅದನ್ನು ಏರಿಯಲ್ ಬುಡಕ್ಕೆ ಸುತ್ತಿದ್ದರು. ಜಾರಿ ಬೀಳದಿರಲೆಂದು ಒಂದು ತುದಿಯನ್ನು ಸರಳಿಗೂ ಇನ್ನೊಂದು ತುದಿಯನ್ನು ಬಿಲ್ಲೆಯ ಕೆಳಗಿನ ಕಬ್ಬಿಣದ ಪಟ್ಟಿಗೂ ಬಿಗಿದಿದ್ದರು. ನ್ಗಾರಾದ ಕಳ್ಳರ ಕಣ್ಣಿಗೆ ಬೀಳದಿರಲೆಂದು ಮೇಲೆ ಟೇಪು ಹಾಕಿದ್ದರು.

"ಅವರು ಅಲ್ಲಿ ಕೂಗುತ್ತಿದ್ದರು. ನಾನು ಇಲ್ಲಿ ಮೇಣದಬತ್ತಿ ಹಚ್ಚಿಕೊಂಡು ಕೂತಿದ್ದೆ. ನಾನೇ ಅವರ ಬಾಯಿ ಕಟ್ಟಿದ್ದೆನಲ್ಲ ಟೀಚರೇ! ನಾನೇ!"

ಕಾಜಿಟನ್ ಹೆಂಡತಿಯ ಪಕ್ಕದಲ್ಲಿ ಕುಳಿತರು. ಬೈಯಲಿಲ್ಲ. ಪದಕವನ್ನು ಅಂಗೈಯಲ್ಲಿ ಹಿಡಿದು, ಅದಕ್ಕೆ ಅಂಟಿದ್ದ ಟೇಪಿನ ಚೂರನ್ನು ಕೆರೆದು ತೆಗೆದರು.

"ಬಾಯಿ, ಇಲ್ನೋಡಿ," ಎಂದರು ಕಮಲಾಕ್ಷಿ. "ನಿಮ್ಮ ಪ್ರಾರ್ಥನೆಯಲ್ಲಿ ತಪ್ಪಿಲ್ಲ. ಕಟ್ಟಿದ ಜಾಗ ತಪ್ಪು. ನಮ್ಮವರೂ ಆಯುಧಪೂಜೆಗೆ ಏನೇನೋ ಕಟ್ತಾರೆ. ದೇವರನ್ನ ಕಾರಿನೊಳಗೆ ಕೂರಿಸಿಕೊಳ್ಳಿ. ಏರಿಯಲಿಗೆ ಮಾತ್ರ ಏನೂ ತಾಗಿಸಬೇಡಿ."

ಸರ ತೆಗೆದ ಮೇಲೆ ಮುಳ್ಳು ತನ್ನ ಜಾಗಕ್ಕೆ ಇಳಿಯಿತು. ಕಾಜಿಟನ್ ಮೈಕು ಹಿಡಿದು ತಮ್ಮ ಕರೆಗುರುತು ಹೇಳುವಷ್ಟರಲ್ಲಿ ಕಾರು ತುಂಬ ಎಡ್ಮಂಡನ ದನಿ.

"ಕೂಗಬೇಡ ಮಾರಾಯ! ಕಿಲೆಲೆಶ್ವಾದ ನಾಯಿಗಳೆಲ್ಲ ಬೊಗಳ್ತಾ ಉಂಟು!"

ಮಾರನೆಯ ದಿನ ಫಿಲೋಮಿನಾಬಾಯಿ ಮನೆಯಲ್ಲಿ ಕೂರಲಿಲ್ಲ. ಮಟಾಟು ಎಂಬ ಬಾಡಿಗೆ ವ್ಯಾನು ಹಿಡಿದು ಎಡ್ಮಂಡನ ಮನೆಗೆ ಹೋಗಿ, ಸೆಟ್ಟಿನ ಪಕ್ಕದಲ್ಲಿ ಕುಳಿತರು. ಕೈಯ ಮುಷ್ಟಿಯಲ್ಲಿ ಮಗನ ಸರ. ಸರಿಯಾಗಿ ಮೂರು ಗಂಟೆಗೆ ಗಂಡನ ಸ್ವರ ಬಂತು, ಎದುರಿಗೆ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ.

"ಫಿಲ್ಲು, ನಾನು ಲಾರೆನ್ಸನ ಜಾಗದಲ್ಲಿ ಕಾರು ನಿಲ್ಲಿಸಿದ್ದೇನೆ. ಇಲ್ಲಿಂದ ಕೇಳುತ್ತದಾ?"

ಫಿಲೋಮಿನಾಬಾಯಿ ಅಳುತ್ತಲೇ ತಲೆಯಾಡಿಸಿದರು. ಎಡ್ಮಂಡನೇ ಮೈಕು ಎತ್ತಿಕೊಂಡ.

"ಕೇಳ್ತದೆ ಕಾಜಿಟನ್. ಚೆನ್ನಾಗಿ ಕೇಳ್ತದೆ. ಬಾಯಿ ಅಳ್ತಾ ಇದ್ದಾರೆ, ನೀನು ಬೇಗ ಬಾ."

ಓದುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ವಾಹನದಲ್ಲಿಯೂ ಇಂಥ ರೇಡಿಯೋ ಇದ್ದರೆ ಇಂದೇ ಒಮ್ಮೆ ಮ್ಯಾಟು ಎತ್ತಿ ನೋಡಿ. ಬಿಸಿಯಾಗುವ ತಂತಿಯನ್ನು ಒಂದು ದಿನವೂ ಇಟ್ಟುಕೊಳ್ಳಬೇಡಿ. ದಪ್ಪ ತಂತಿಯನ್ನು ಬ್ಯಾಟರಿಯಿಂದಲೇ ತನ್ನಿ, ಫ್ಯೂಸ್ ಅದರ ಪಕ್ಕದಲ್ಲಿಯೇ ಇರಲಿ. ಸುಟ್ಟ ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತುವ ಕೈ ಮನೆಗೆ ಬೆಂಕಿ ಇಡುವ ಕೈ. ವೋಲ್ಟನ್ನು ಮಾತಾಡುತ್ತಿರುವಾಗಲೇ ಅಳೆಯಿರಿ; ಸುಮ್ಮನಿರುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಏರಿಯಲ್ ಬುಡದ ತುಕ್ಕು ಕೆರೆಯಿರಿ, ಸರಳಿಗೆ ಲೋಹದ ಏನನ್ನೂ ಕಟ್ಟಬೇಡಿ, ಮಾತು ನಡೆಯುವಾಗ ಅದನ್ನು ಮುಟ್ಟಬೇಡಿ. ಪರವಾನಗಿ ಇಲ್ಲದೆ ಮೈಕು ಹಿಡಿಯಬೇಡಿ. ಊರು ಬಿಡುವ ಹಿಂದಿನ ದಿನ ಒಮ್ಮೆ ಕರೆದು, ಉತ್ತರ ಬಂದ ಮೇಲೆಯೇ ಹೊರಡಿ.

ಪ್ರಾರ್ಥನೆಯನ್ನಂತೂ ಬಿಡಬೇಡಿ. ಫಿಲೋಮಿನಾಬಾಯಿಯೂ ಬಿಟ್ಟಿಲ್ಲ. ಮಗನ ಸರ ಈಗ ಅವರ ಕೊರಳಿನಲ್ಲಿದೆ.