ಹನ್ನೊಂದರ ದೋಣಿಗೆ ಯಜಮಾನರು

ದೋಣಿ ಇನ್ನೂ ಜೆಟ್ಟಿಗೆ ತಾಗಿರಲಿಲ್ಲ, ಆಗಲೇ ಯಾರೋ ಬೀಗ ರಿಪೇರಿಯವನ ಕೈಚೀಲ ಇಸಕೊಂಡರು. ಇನ್ಯಾರೋ ತಣ್ಣನೆಯ ಒದ್ದೆ ಟವೆಲು ಕೊಟ್ಟರು. ಮುಖ ಒರೆಸಬೇಕೋ ಕೈ ಒರೆಸಬೇಕೋ ತಿಳಿಯದೆ ಅವನು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡ. ಎದುರಿಗೆ ಬಿಳಿ ಬಟ್ಟೆಯ ಇಪ್ಪತ್ತು ಜನ ಸಾಲಾಗಿ ಸೆಟೆದು ನಿಂತಿದ್ದರು. ಸಾಲಿನ ಕೊನೆಯಲ್ಲಿ ಅವನ ಹೆಂಡತಿ.

ಏಳು ತಿಂಗಳಾಗಿತ್ತು ಅವಳನ್ನು ಕಂಡು. ಅವನು ಬಾಯಿ ತುಂಬ ನಕ್ಕ. ಅವಳು ನಗಲಿಲ್ಲ. ಬೇಡ ಅನ್ನುವ ಹಾಗೆ ಕಣ್ಣನ್ನಷ್ಟೇ ಆಡಿಸಿದಳು.

ಏನು ಬೇಡ?

ಇವತ್ತಿಗೆ ಈ ದ್ವೀಪದ ರೆಸಾರ್ಟಿನಲ್ಲಿ ಅವಳ ಕೆಲಸದ ಕರಾರು ಮುಗಿಯುತ್ತದೆ, ಜೊತೆಯಲ್ಲೇ ಕರೆದುಕೊಂಡು ಹೋಗಿಬಿಡೋಣ ಎಂದು ಅಂಗಡಿ ಮುಚ್ಚಿ ಬಂದಿದ್ದ. ಫೋನಿನಲ್ಲಿ ಕೇಳಿದಾಗಲೆಲ್ಲ "ನೋಡೋಣ ರೀ" ಅನ್ನುತ್ತಿದ್ದಳು. ಆ ನೋಡೋಣ ಬರುತ್ತೇನೆಂದೋ ಬರುವುದಿಲ್ಲವೆಂದೋ ಅವನಿಗೆ ಬಗೆಹರಿದಿರಲಿಲ್ಲ.

"ಬನ್ನಿ ಯಜಮಾನ್ರೇ, ಮೊದಲು ಎಲ್ಲಾ ನೋಡ್ಬಿಡಿ" ಎಂದ ಮ್ಯಾನೇಜರು.

ಹವಳದ ದಿಬ್ಬ ಸುತ್ತುವರಿದ ನೀರು ಎಷ್ಟು ತಿಳಿಯಾಗಿತ್ತೆಂದರೆ, ದೋಣಿಯ ನೆರಳು ತಳದ ಮರಳಿನ ಮೇಲೆ ಬೇರೆಯಾಗಿ ಬಿದ್ದು ದೋಣಿ ಗಾಳಿಯಲ್ಲಿ ನಿಂತಂತಿತ್ತು. ನೀರಿನೊಳಗೆ ಕಂಬ ಊರಿ ಮನೆಗಳನ್ನು ಕಟ್ಟಿದ್ದರು. ಬಾಗಿಲು ಕಂಡಲ್ಲೆಲ್ಲ ಅವನ ಕಣ್ಣು ಬೀಗದ ಕಿಂಡಿಯನ್ನು ಹುಡುಕಿತು. ಒಂದಕ್ಕೂ ಇರಲಿಲ್ಲ.

"ಕಳ್ಳರು ಬಂದ್ರೆ?"

"ಬಂದ್ರೂ ಓಡೋದೆಲ್ಲಿಗೆ ಸಾರ್, ಸುತ್ತ ನೀರು!"

"ಅಲ್ಲ ಸಾರ್, ನಾನು ಬೀಗ ರಿಪೇರಿ ಮಾಡೋನು."

ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನಕ್ಕನೆಂದು ಹಿಂದೆ ಬರುತ್ತಿದ್ದವರೂ ನಕ್ಕರು. "ದ್ವೀಪ ಕೊಂಡ ಮೇಲೆ ಇದೇ ಮೊದಲ ಸಲ ಬರ್ತಿದೀರಿ. ಇಷ್ಟು ತಮಾಷೆಯವರು ಅಂತ ಯಾರೂ ಹೇಳಿರ್ಲಿಲ್ಲ!"

ಕೊಂಡ ಮೇಲೆ? ಭಾವನಿಂದ ಎರವಲು ತಂದ ಅಂಗಿಯೊಳಗೆ ಅವನ ಬೆನ್ನು ಬೆವರಿತು.

ಬಟ್ಟೆ ಒಗೆಯುವ ಕೋಣೆಗೆ ಬಂದಾಗ ಹಿಂದೆ ಬಂದವರು ಹೊರಗೇ ನಿಂತರು, ಮ್ಯಾನೇಜರು ಯಾವುದೋ ಫೈಲು ತರಲು ಓಡಿದ. ಅಲ್ಲೇ ಕೆಲಸಕ್ಕಿದ್ದ ಹೆಂಡತಿ ಅವನ ತೋಳು ಹಿಡಿದು ಎರಡು ಮೆಷಿನ್ನುಗಳ ನಡುವೆ ಎಳೆದುಕೊಂಡಳು.

"ಏನೇ ಇದೆಲ್ಲ?"

"ಮೆತ್ತಗೆ ಮಾತಾಡಿ ರೀ. ನಮ್ಮ ಯಜಮಾನ್ರು ಹನ್ನೊಂದರ ದೋಣಿಗೆ ಬರ್ತಾರೆ ಅಂತ ಜೊತೆಯವಳಿಗೆ ಹೇಳಿದೆ. ಅವಳು ಇನ್ನೊಬ್ಬಳಿಗೆ ಹೇಳಿದ್ಲು. ಆ 'ನಮ್ಮ' ದಾರೀಲೆಲ್ಲೋ ಬಿದ್ದೋಯ್ತು. ಮ್ಯಾನೇಜರ್ ಕಿವಿಗೆ ಬೀಳೋ ಹೊತ್ತಿಗೆ ನೀವು ದ್ವೀಪದ ಯಜಮಾನ್ರು."

"ಹೆಸರು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನಿಮ್ಮ ಹೆಸರು ನಾನು ಯಾವತ್ತು ಹೇಳಿದೀನಿ?"

ಅವನಿಗೆ ನಗು ಬಂತು, ಜೊತೆಗೆ ಅಳುವೂ ಬಂದಂತಾಯಿತು. "ಹಾಳಾಗ್ಲಿ. ಮನೆಗೆ ಬರ್ತೀಯೋ ಇಲ್ವೋ, ಅದನ್ನ ಹೇಳು."

ಅವಳು ಬಾಯಿ ತೆರೆದಳು. ಬಾಗಿಲಲ್ಲಿ ಮ್ಯಾನೇಜರು.

"ಇವರದ್ದೇ ಸಾರ್ ಫೈಲು. ಇನ್ನೂ ಎರಡು ವರ್ಷ ಇರ್ತೀನಿ ಅಂತ ಬರೆದುಕೊಟ್ಟಿದಾರೆ. ತಮ್ಮ ಒಂದು ಮಾತಿಗೆ ಕಾಯ್ತಿದ್ವಿ."

ಅವಳ ಅಕ್ಷರವೇ. ಮನೆಯಲ್ಲಿ ಸಾಮಾನಿನ ಚೀಟಿ ಬರೆಯುವಾಗ ಇರುತ್ತಿದ್ದ ಅವಸರ ಅದರಲ್ಲಿರಲಿಲ್ಲ. ಒಂದೊಂದು ಅಕ್ಷರವನ್ನೂ ಕೂರಿಸಿ ಬರೆದಿದ್ದಳು. 'ಬೇಡ' ಎಂದರೆ ಸಾಕು, ಸಂಜೆಯ ದೋಣಿಯಲ್ಲಿ ಅವಳು ಪಕ್ಕದಲ್ಲಿರುತ್ತಾಳೆ. ಅವನು ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಮ್ಯಾನೇಜರನ ಪೆನ್ನನ್ನೇ ನೋಡುತ್ತಿದ್ದಳು.

"ಇರಲಿ" ಎಂದ.

"ಇರಲಿ ಅಂದ್ರೆ... ಇವರು ಇರಲಿ ಅಂತಲೋ, ಸದ್ಯಕ್ಕೆ ಈ ವಿಷಯ ಹಾಗಿರಲಿ ಅಂತಲೋ ಸಾರ್?"

ಯಾವುದೆಂದು ಅವನಿಗೂ ಗೊತ್ತಿರಲಿಲ್ಲ. ಮೆಷಿನ್ನು ತಿರುಗುತ್ತಲೇ ಇತ್ತು.

"ಅವಳು ಬರೆದಿದಾಳಲ್ಲ" ಎಂದ ಕೊನೆಗೆ. "ಹಾಗೇ ಇರಲಿ."

ಮ್ಯಾನೇಜರು ಅದನ್ನು ಫೈಲಿನಲ್ಲಿ ಗೀಚಿಕೊಂಡು, ಊಟದ ಏರ್ಪಾಡು ನೋಡಲು ಹೋದ. ಮೆಷಿನ್ನು ನಿಂತಿತು. ಅವಳು ಬಾಗಿ ಒಣಗಿದ ಒಂದು ದೊಡ್ಡ ಬಿಳಿ ಹಾಸನ್ನು ಹೊರಗೆಳೆದು, ಅಭ್ಯಾಸಬಲದಿಂದಲೋ ಏನೋ, ಮಡಿಸಲು ಎರಡು ಮೂಲೆಗಳನ್ನು ಅವನ ಕೈಗೆ ಕೊಟ್ಟಳು.

"ಹಿಂದಕ್ಕೆ ಹೋಗಿ."

ಅವನು ಹಿಂದೆ ಸರಿದ.

"ಇನ್ನೂ ಹಿಂದಕ್ಕೆ ರೀ."

ಬೆನ್ನು ಗೋಡೆಗೆ ತಾಗಿತು. ಹಾಸು ಇನ್ನೂ ನಡುವಿನಲ್ಲಿ ಜೋತುಬಿದ್ದಿತ್ತು. ಈಗ ಅವಳು ತನ್ನ ಮೂಲೆಗಳನ್ನು ಜೋಡಿಸಿಕೊಂಡು ಅವನತ್ತ ನಡೆದು ಬರತೊಡಗಿದಳು.