ಅಂಗೈಯಷ್ಟು ಅಂಗಿ

ಪ್ರಜ್ಞಾಳ ಮಗು ಏಳನೇ ತಿಂಗಳಿಗೇ ಹುಟ್ಟಿ, ಅದೇ ದಿನ ಸಂಜೆಯೊಳಗೆ ತೀರಿಕೊಂಡಿತು. ಕುಂದಾಪುರದ ಆ ಆಸ್ಪತ್ರೆಯಲ್ಲಿ ಅವಳ ಜೊತೆಗಿದ್ದವಳು ಚಿಕ್ಕಮ್ಮ ವನಜ ಒಬ್ಬಳೇ. ತಾಯಿ ಸಿದ್ದಾಪುರದ ಮನೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದಳು. ಗಂಡ ರಕ್ಷಿತ್ ಮುಂಬೈಯಿಂದ ಹೊರಟು ಇನ್ನೂ ರೈಲಿನಲ್ಲಿದ್ದ.

ವನಜ ತೆಕ್ಕಟ್ಟೆಯವಳು. ಮನೆಯಲ್ಲೇ ಮಕ್ಕಳ ಬಟ್ಟೆ ಹೊಲಿಯುತ್ತಿದ್ದಳು. ಅವಳ ಊರಿನಲ್ಲಿ ನಾಮಕರಣವೆಂದರೆ ಅಂಗಿ ಅವಳ ಕೈಯದೇ, ಮೊದಲ ಹುಟ್ಟುಹಬ್ಬದ ಫ್ರಾಕೂ ಅವಳ ಕೈಯದೇ. ಅಕ್ಕನ ಮಗಳ ಮಗುವಿಗೂ ಹೊಲಿದು ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ತಿಂಗಳು ತುಂಬಿದ ಮಗುವಿನ ಅಳತೆಗೆ ಹೊಲಿದದ್ದು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದವಳ ಮುಂದೆ ಆಯಾ ಬಂದು ನಿಂತಳು.

"ಪ್ರಜ್ಞಾ ಅಂಬವರ ಕಡೆಯರ್ ಯಾರ್?"

"ನಾನೇ."

ಆಯಾ ಕೈಯಲ್ಲಿದ್ದುದನ್ನು ಚಾಚಿದಳು. ಯಾವುದೋ ಬಟ್ಟೆ ಅಂಗಡಿಯ ಹೆಸರಿದ್ದ ಪ್ಲಾಸ್ಟಿಕ್ ಚೀಲ. ಬಾಯಿಗೆ ಗಂಟು ಹಾಕಿತ್ತು.

"ಇದೆಂತ?"

"ಮಗು."

ವನಜಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದೊಡನೆ ಎದ್ದು ನಿಂತಳು.

"ಮಗು ಅಂತ್ರಿಯಾ? ಪ್ಯಾಟಿಯಿಂದ ಮೀನ್ ತಂದ ಹಾಂಗೆ ತಂದ್ ಕೊಡ್ತ್ರಿ ಅಲ್ದಾ? ನಿಮ್ಮನಿ ಮಗುವಾರೆ ಹೀಂಗೆ ಚೀಲದೊಳ್ಗೆ ಹಾಕಿ ಗಂಟ್ ಹಾಕ್ತಿದ್ರಿಯಾ?"

ಅವಳ ಸದ್ದಿಗೆ ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಒಳಗಿಂದ ನರ್ಸ್ ವಿನಯಾ ಓಡಿಬಂದಳು.

"ಅಕ್ಕ, ಮೆಲ್ಲ ಮಾತಾಡಿ. ಒಳ್ಗೆ ಬಾಣ್ತಿಯರ್ ಇದ್ರ್."

"ನಮ್ಮ್ ಪ್ರಜ್ಞಾನೂ ಬಾಣ್ತಿಯೇ ಸಿಸ್ಟರ್. ನಿಮ್ಗೆ ಮರ್ತ್ ಹೋಯ್ತಾ?"

ವಿನಯಾ ತಲೆ ತಗ್ಗಿಸಿದಳು. ತೀರಿಕೊಂಡ ಹಸುಗೂಸುಗಳನ್ನು ಸುತ್ತಲು ಇಲ್ಲಿ ಬೇರೇನೂ ಇಡುವುದಿಲ್ಲ, ಮೊದಲಿನಿಂದಲೂ ಹೀಗೇ ಎಂದಳು.

ವನಜ ಬೆಂಚಿನ ಮೇಲೆ ತನ್ನ ಚೀಲ ಬಿಚ್ಚಿ, ತಾನು ಹೊಲಿದಿದ್ದ ಹಳದಿ ಅಂಗಿ ತೆಗೆದಳು. ಆಯಾಳ ಕೈಯಿಂದ ಮಗುವನ್ನು ತೆಗೆದುಕೊಂಡಳು. ಗಂಟು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಎಲ್ಲರ ಎದುರೇ ಅಂಗಿ ತೊಡಿಸಿದಳು. ಅಂಗಿ ಎರಡು ಪಾಲು ದೊಡ್ಡದಿತ್ತು. ತೋಳು ಬೆರಳುಗಳನ್ನೂ ದಾಟಿ ಜೋತುಬಿದ್ದಿತ್ತು. ಅಷ್ಟು ವರ್ಷ ಮಕ್ಕಳ ಬಟ್ಟೆ ಹೊಲಿದವಳಿಗೆ, ಈ ಒಂದು ಮಗುವಿಗೆ ಸರಿಹೊಂದುವ ಬಟ್ಟೆ ತನ್ನ ಬಳಿ ಇಲ್ಲವಲ್ಲ ಎಂಬ ಸಂಕಟ ಆಗ ಹಿಡಿದುಕೊಂಡಿತು.

"ತಾಯಿಗೆ ತೋರ್ಸುದ್ ಬ್ಯಾಡ, ಮನ್ಸಿಗೆ ಹಚ್ಕಂತ್ರ್" ಎಂದಳು ಆಯಾ.

"ಹಚ್ಕಣದೆ? ಹೆತ್ತದ್ದ್ ಅವ್ಳ್" ಎಂದು ವನಜ ಒಳಗೆ ನಡೆದೇಬಿಟ್ಟಳು.

ಪ್ರಜ್ಞಾ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ತುಂಬ ಹೊತ್ತು ನೋಡಿದಳು. ಅಂಗಿಯ ತೋಳನ್ನು ಮೆಲ್ಲಗೆ ಮಡಚಿ ಬೆರಳುಗಳನ್ನು ಹೊರಗೆ ತೆಗೆದಳು.

"ದೊಡ್ಡ ಆಯ್ತ್ ಅಲ್ದಾ ಚಿಕ್ಕೀ?"

"ಹೌದ್ ಮಗಾ. ದೊಡ್ಡ ಆಯ್ತ್."

ಆಗ ಪ್ರಜ್ಞಾ ಅತ್ತಳು. ಬೆಳಗಿನಿಂದ ಅತ್ತಿರಲಿಲ್ಲ.

ಬಿಜೂರಿನ ಗಂಡನ ಮನೆಯಲ್ಲಿ ಬಾಣಂತನ ನೋಡಿಕೊಳ್ಳುವವರು ಇರಲಿಲ್ಲ. ಇನ್ನು ಬಾಣಂತನ ಏಕೆ ಎಂದವರೂ ಇದ್ದರು. ವನಜ ಪ್ರಜ್ಞಾಳನ್ನು ತೆಕ್ಕಟ್ಟೆಗೇ ಕರೆತಂದಳು. ರಕ್ಷಿತ್ ಬಂದವನು ಕೆಲವು ದಿನ ಇದ್ದು, ಹೆಂಡತಿಯ ಮುಖ ನೋಡಲಾರದೆ ಮತ್ತೆ ಹೋದ. ಬೆಳಗ್ಗೆ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವಾಗ, ಮದ್ದು ಅರೆದು ಕೊಡುವಾಗ ವನಜಳ ತಲೆಯಲ್ಲಿ ಆ ಗಂಟು ಹಾಕಿದ ಚೀಲವೇ ಸುಳಿಯುತ್ತಿತ್ತು.

ಒಂದು ಮಧ್ಯಾಹ್ನ ಅವಳು ಮೆತ್ತನೆಯ ಬಿಳಿ ಮಲ್‌ಮಲ್ ಬಟ್ಟೆ ತೆಗೆದು ಕತ್ತರಿಸಲು ಕುಳಿತಳು. ತಲೆಯ ಮೇಲಿಂದ ಎಳೆದು ಹಾಕುವಂತಿರಬಾರದು, ಮುಂದೆ ಪೂರ್ತಿ ಬಿಚ್ಚಿಕೊಳ್ಳಬೇಕು. ಗುಂಡಿ ಬೇಡ, ಲಾಡಿ ಸಾಕು. ಹೊಲಿದು ಮುಗಿಸಿದಾಗ ಅಂಗಿ ಅವಳ ಅಂಗೈಯ ಮೇಲೆ ಹಿಡಿಸುವಷ್ಟಿತ್ತು. ಆಸ್ಪತ್ರೆಯಲ್ಲಿ ತೀರಿಕೊಳ್ಳುವ ಅಂಥ ಹಸುಗೂಸುಗಳಿಗೆಂದು ಹಾಗೇ ಇನ್ನೂ ಕೆಲವು ಹೊಲಿದಳು. ಒಂದೊಂದರ ಜೊತೆ ಒಂದು ಟೊಪ್ಪಿ, ಸುತ್ತಲು ಒಂದು ತುಂಡು ಬಟ್ಟೆ.

ಗಂಡ ಗೋವರ್ಧನ ಬಸ್ಸಿನ ಡ್ರೈವರ್. ಸಂಜೆ ಬಂದವನು ಅದನ್ನು ಕಂಡು ಒಂದು ಟೊಪ್ಪಿಯನ್ನು ಕೈಗೆತ್ತಿಕೊಂಡ.

"ಒಳ್ಳೆ ಕೆಲ್ಸವೇ. ಆದ್ರೆ ಊರರಿಗೆ ಗೊತ್ತಾಪ್ದ್ ಬ್ಯಾಡ."

"ಎಂತಕ್? ನಾ ಕದ್ದ್ ತಂದದ್ದಾ?"

"ಜನ ಎಂತ ಹೇಳ್ತ್ರೋ ಗೊತ್ತಿಲ್ಲೆ ಅಲ್ದಾ ಮಾರಾಯ್ತಿ."

"ಜನ ಹೇಳ್ಲಿ. ಕೇಂಬುಕೆ ನಂಗೆ ಕಿವಿ ಇತ್ತ್, ಹೇಳುಕೆ ಬಾಯೂ ಇತ್ತ್."

ಮರುದಿನ ಆಸ್ಪತ್ರೆಗೆ ಕೊಂಡುಹೋದಳು. ಆಫೀಸಿನಲ್ಲಿ ಕುಳಿತಿದ್ದ ಮ್ಯಾನೇಜರು ಒಂದು ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ವಾಪಸು ಇಟ್ಟರು. ಬದುಕುವ ಮಕ್ಕಳಿಗೆ ಕೊಡಿ, ಫೋಟೊ ತೆಗೆದು ಪೇಪರಿಗೂ ಕೊಡೋಣ, ಇಂಥದ್ದನ್ನು ಇಟ್ಟುಕೊಂಡರೆ ಇಲ್ಲಿ ಮಕ್ಕಳು ಸಾಯುತ್ತವೆ ಎಂದು ಜನ ಹೆದರುತ್ತಾರೆ ಎಂದರು.

"ಸಾಯುದೇ ಇಲ್ಯಾ ಇಲ್ಲಿ?" ಎಂದಳು ವನಜ. "ಹಾಂಗಾರೆ ಮೊನ್ನೆ ನನ್ನ್ ಕೈಗೆ ಕೊಟ್ಟದ್ದ್ ಎಂತ?"

ಅವರು ಫೋನು ಎತ್ತಿಕೊಂಡರು. ಮೆಟ್ಟಿಲ ಹತ್ತಿರ ವಿನಯಾ ಕಾಯುತ್ತಿದ್ದಳು. ಕಟ್ಟನ್ನು ತೆಗೆದುಕೊಂಡು, ವಾರ್ಡಿನ ತನ್ನ ಕಪಾಟಿನಲ್ಲಿಟ್ಟಳು. ತನ್ನ ಫೋನಿನಲ್ಲಿ ವನಜಳ ನಂಬರು ಬರೆದುಕೊಂಡಳು. "ಅಕ್ಕ, ಅವತ್ತ್ ನಂಗೂ ನಾಚ್ಕಿ ಆಯ್ತ್" ಎಂದಷ್ಟೇ ಹೇಳಿದಳು.

ಮಾತು ಹೇಗೋ ತೆಕ್ಕಟ್ಟೆಗೆ ಬಂತು. ಮೊದಲು ಬಂದವರು ಗಿರಿಜಕ್ಕ. ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಮೊಮ್ಮಗಳ ನಾಮಕರಣಕ್ಕೆಂದು ರೇಷ್ಮೆ ತುಂಡು ಕೊಟ್ಟಿದ್ದರು. ವನಜ ಅದನ್ನು ಕತ್ತರಿಸಿ ಅರ್ಧ ಹೊಲಿದಿದ್ದಳು. ಗಿರಿಜಕ್ಕ ಜಗಲಿಯ ಮೇಲೆ ಕೂರಲಿಲ್ಲ.

"ವನ್ಜ, ಆ ರೇಷ್ಮೆ ಕೊಡ್ ಕಾಂಬ."

"ಇನ್ನೂ ಮುಗಿಲಿಲ್ಲೆ ಗಿರ್ಜಕ್ಕ."

"ಹಾಂಗೇ ಕೊಡ್. ತಪ್ಪ್ ತಿಳ್ಕಂಬೇಡ. ಸತ್ತ್ ಹೋದ ಮಕ್ಳಿಗೆ ಹೊಲ್ದ ಮಿಶಿನಂಗೆ ನಮ್ಮ್ ಮಗಿನ್ ಅಂಗಿ ಎಂತಕ್ ಅಂದಳ್ ಸೊಸಿ. ಅವ್ಳ್ ಮನ್ಸಿಗೆ ಬಂದದ್ದ್, ನಂಗಲ್ಲ." ಆಮೇಲೆ ಸ್ವರ ತಗ್ಗಿಸಿದರು. "ನಾಮಕರಣಕ್ಕೆ ನೀನ್ ಬಾ. ಅಕ್ಕನ್ ಮಗ್ಳ್ ಮಾತ್ರ... ಅವ್ಳಿಗೂ ಬೇಜಾರ್ ಆತ್ತ್ ಅಲ್ದಾ?"

ಒಳಗೆ ಬಾಗಿಲ ಹಿಂದೆ ಪ್ರಜ್ಞಾಳ ಬಳೆಯ ಸದ್ದು ಕೇಳಿಸಿ ಅಲ್ಲೇ ನಿಂತಿತು.

ವನಜ ಎದ್ದು ಹೋಗಿ ರೇಷ್ಮೆಯ ತುಂಡುಗಳನ್ನೆಲ್ಲ ತಂದಳು. ಕೊಡುವಾಗ ಗಿರಿಜಕ್ಕನ ಮುಖವನ್ನೇ ನೋಡಿದಳು.

"ನಿಮ್ಮ್ ಮಗಳಿಗೆ ನಾಮಕರಣದ ಅಂಗಿ ಹೊಲ್ದವ್ಳ್ ನಾನ್. ನಿಮ್ಮ್ ಮಗನಿಗೂ ನಾನೇ. ಅವತ್ತ್ ನನ್ನ್ ಕೈ ಒಳ್ಳೇದಿತ್ತ್. ಇವತ್ತ್ ಒಂದ್ ಮಗಿನ್ ಮೈ ಮುಚ್ಚಿರೆ ಕೈ ಕೆಟ್ಟ್ ಹೋಯ್ತಾ? ನಮ್ಮ್ ಹೆಣ್ಣ್ ಬಪ್ಪುದ್ ಬ್ಯಾಡ ಅಂದಲ್ಲಿಗೆ ನಾನೂ ಬತ್ತಿಲ್ಲೆ."

ಗಿರಿಜಕ್ಕ ಹೋದ ಮೇಲೆ ಇನ್ನೂ ಕೆಲವರು ಬಂದು ಬಟ್ಟೆ ವಾಪಸು ಕೊಂಡುಹೋದರು. ಕೆಲವರು ಬರಲೂ ಇಲ್ಲ, ಫೋನಿನಲ್ಲೇ ಬೇಡವೆಂದರು. ಯಾರೂ ಜಗಳವಾಡಲಿಲ್ಲ. ಎಲ್ಲರೂ ಸೊಸೆಯ ಮೇಲೆ, ಅತ್ತೆಯ ಮೇಲೆ, ಭಟ್ಟರ ಮೇಲೆ ಹಾಕಿದರು. ಅದೇ ವನಜಳಿಗೆ ಹೆಚ್ಚು ಉರಿಯಿತು. ಒಬ್ಬರಾದರೂ 'ನನಗೇ ಹೆದರಿಕೆ' ಎಂದಿದ್ದರೆ ಅವಳು ಕೂರಿಸಿ ಚಹಾ ಕೊಡುತ್ತಿದ್ದಳು.

ಸಂಘದವರು ಸೇರಿ ಪ್ರತಿವರ್ಷ ಅಂಗನವಾಡಿಯ ಮಕ್ಕಳಿಗೆ ಉಚಿತವಾಗಿ ಬಟ್ಟೆ ಹೊಲಿದು ಆಗಸ್ಟ್ ಹದಿನೈದಕ್ಕೆ ಹಂಚುತ್ತಿದ್ದರು. ಕತ್ತರಿಸುವುದು ವನಜ, ಹೊಲಿಗೆ ಎಲ್ಲರದು. ಆ ವರ್ಷದ ಮೀಟಿಂಗಿಗೆ ಅವಳು ತಾನು ಹೊಲಿದು ಮುಗಿಸಿದ್ದ ಅಂಗಿ, ಚಡ್ಡಿ, ಫ್ರಾಕುಗಳನ್ನೆಲ್ಲ ಹೊತ್ತುಕೊಂಡೇ ಹೋದಳು. ಗಿರಿಜಕ್ಕ ಗಂಟಲು ಸರಿಮಾಡಿಕೊಂಡರು.

"ವನ್ಜ, ಈ ಸಲ ನೀನ್ ಒಂಚೂರ್ ವಿಶ್ರಾಂತಿ ತಕೋ. ಉಳ್ದ್ ಬಟ್ಟಿ ಬೇರೆಯರ್ ಹೊಲಿತ್ರ್. ಅಂಗನವಾಡಿ ತಾಯಂದ್ರಿಗೆ ಎಂತೋ ಒಂದ್ ನಮೂನಿ ಆತ್ತ್ ಅಂಬ್ರ್."

"ಯಾವ ತಾಯಿ? ಹೆಸ್ರ್ ಹೇಳಿ."

"ಹೆಸ್ರ್ ಎಂತಕ್ಕೆ ಈಗ?"

"ಹೆಸ್ರ್ ಇಲ್ಲೆ. ಇಲ್ಲದ್ ತಾಯಿ ಬೆನ್ನ್ ಹಿಂದೆ ನೀವ್ ಅಡಗ್ತ್ರಿ." ವನಜ ಎದ್ದು ನಿಂತಳು. ಕಟ್ಟು ಬಿಚ್ಚಿ ಬಟ್ಟೆಗಳನ್ನು ಮೇಜಿನ ಮೇಲೆ ಸುರಿದಳು. "ಮಕ್ಳ ಸೇವೆ ಅಂತ ಬ್ಯಾನರ್ ಕಟ್ತ್ರಿ. ನೆಗಾಡು ಮಕ್ಳ್, ಫೋಟೊಕ್ಕೆ ನಿಲ್ಲು ಮಕ್ಳ್ ಮಾತ್ರ ಮಕ್ಳಾ ನಿಮ್ಗೆ? ನಮ್ಮ್ ಪ್ರಜ್ಞನ್ ಮಗಿನ ಚೀಲದಂಗೆ ಗಂಟ್ ಹಾಕಿ ಕೊಟ್ಟ್ರ್. ಅದ್ ಕೇಂಡ್ ಇಲ್ಲಿ ಯಾರಿಗೂ ಒಂದ್ ನಮೂನಿ ಆಯ್ಲಿಲ್ಲೆ. ನಾನ್ ಅಂಗಿ ಹೊಲ್ದದ್ದ್ ಕೇಂಡ್ ಆಯ್ತಾ?"

ಫ್ಯಾನಿನ ಗಾಳಿಗೆ ಒಂದು ಪುಟ್ಟ ಫ್ರಾಕು ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿದವರು ಅಂಗನವಾಡಿಯ ಕುಸುಮ ಟೀಚರು. ಅವರು ಮೀಟಿಂಗುಗಳಲ್ಲಿ ಹೆಚ್ಚು ಮಾತಾಡುವವರಲ್ಲ. ಫ್ರಾಕಿನ ಧೂಳು ಕೊಡವಿ ಮಡಚಿದರು.

"ಗಿರ್ಜಕ್ಕ, ನನ್ನ್ ಮಕ್ಳಿಗೆ ಅಂಗಿ ಬೇಕ್. ಹೊಲ್ದರ್ ಕೈ ಜಾತ್ಕ ಬ್ಯಾಡ. ವನ್ಜಕ್ಕ ಹೊಲುದ್ ಬ್ಯಾಡ ಅಂದ್ರೆ ನಮ್ಮ್ ಅಂಗನವಾಡಿಗೆ ಸಂಘದ್ ಬಟ್ಟಿಯೇ ಬ್ಯಾಡ."

"ಹಾಂಗಾರೆ ಬ್ಯಾಡ" ಎಂದರು ಗಿರಿಜಕ್ಕ, ಮುಖ ಕೆಂಪಾಗಿ. "ಕೊಡುಕೆ ಬೇರೆ ಊರಂಗೆ ಅಂಗನವಾಡಿ ಇತ್ತ್."

ವನಜ ತನ್ನ ಬಟ್ಟೆಗಳನ್ನು ಮತ್ತೆ ಕಟ್ಟಿಕೊಂಡು ಹೊರಬಂದಳು. ಹೆದ್ದಾರಿಯ ಬದಿಯಲ್ಲಿ ಸಿಟ್ಟಿನ ಬಿರುಸಿಗೆ ನಡೆಯುತ್ತಿದ್ದಾಗ ಹಿಂದಿನಿಂದ ಯಾರೋ ಕರೆದರು.

"ಹ್ವಾಯ್ ವನ್ಜಕ್ಕ, ನಿಲ್ಲಿ!"

ಸಂಘದಲ್ಲಿ ಗುಂಡಿ ಹಚ್ಚುವ ಕೆಲಸ ಮಾಡುತ್ತಿದ್ದ ಬೇಬಿ. ಏದುಸಿರು ಬಿಡುತ್ತ ಹತ್ತಿರ ಬಂದಳು. ಲಾರಿಗಳ ಸದ್ದಿನ ನಡುವೆ ಅವಳು ಹೇಳಿದ್ದನ್ನು ವನಜ ಬಗ್ಗಿ ಕೇಳಬೇಕಾಯಿತು.

"ನನ್ನ್ ಮೊದಲ್ನೇ ಮಗು ಗಂಡ್. ಹುಟ್ಟುವಾಗ್ಳೇ ಉಸ್ರ್ ಇರ್ಲಿಲ್ಲೆ. ಪೇಪರಂಗೆ ಸುತ್ತಿ ಕೊಟ್ಟ್ರಂಬ್ರ್. ನಂಗೆ ತೋರ್ಸಲೇ ಇಲ್ಲೆ. ಮುಖ ಹ್ಯಾಂಗಿತ್ತಂತ ನಂಗೆ ಇವತ್ತಿಗೂ ಗೊತ್ತಿಲ್ಲೆ ವನ್ಜಕ್ಕ." ಕಣ್ಣೊರೆಸಿಕೊಂಡಳು. "ಅಲ್ಲಿ ಒಳ್ಗೆ ಹೇಳುಕೆ ಧೈರ್ಯ ಬರ್ಲಿಲ್ಲೆ. ನಾಳೆಯಿಂದ ನಿಮ್ಮನಿಗೆ ಬತ್ತೆ. ಲಾಡಿ ಹಚ್ಚುಕಾರೂ ಆತ್ತ್ ಅಲ್ದಾ?"

ವನಜ ಕಟ್ಟಿನ ಒಂದು ಬದಿಯನ್ನು ಬೇಬಿಗೆ ಹಿಡಿಯಲು ಕೊಟ್ಟಳು. ಇಬ್ಬರೂ ಹಾಗೇ ಮನೆಗೆ ನಡೆದರು.

ಸಂಘದವರು ಆ ವರ್ಷದ ಬಟ್ಟೆಗಳನ್ನು ಬೇರೆ ಊರಿನಲ್ಲಿ ಹಂಚಿದರು. ಫೋಟೊ ಪೇಪರಿನಲ್ಲಿ ಬಂತು. ಕುಸುಮ ಟೀಚರ ಮಕ್ಕಳಿಗೆ ವನಜ, ಬೇಬಿ, ಪ್ರಜ್ಞಾ ಮೂವರೇ ಹೊಲಿದು ಮುಗಿಸಿದರು. ಇಬ್ಬರು ಮಕ್ಕಳಿಗೆ ಬಟ್ಟೆ ಸಾಲದೆ ಗೋವರ್ಧನನ ಹಳೆಯ ಯೂನಿಫಾರ್ಮು ಕತ್ತರಿಸಿ ಚಡ್ಡಿ ಮಾಡಿದರು. ಅವನೇ ತಂದುಕೊಟ್ಟದ್ದು. ಅಂಗನವಾಡಿಯ ಯಾವ ತಾಯಿಯೂ ಬೇಡ ಎನ್ನಲಿಲ್ಲ. ಒಬ್ಬಳು ಮಾತ್ರ, ಮುಂದಿನ ಸಲ ಜೇಬು ದೊಡ್ಡದು ಇಡಿ, ಇವನು ಕಲ್ಲು ತುಂಬಿಕೊಂಡು ಬರುತ್ತಾನೆ ಎಂದಳು.

ಗಿರಿಜಕ್ಕನ ಮೊಮ್ಮಗಳ ನಾಮಕರಣ ಆಯಿತು. ವನಜ ಹೋಗಲಿಲ್ಲ. ದಾರಿಯಲ್ಲಿ ಸಿಕ್ಕಿದರೆ ಗಿರಿಜಕ್ಕ ನಗುತ್ತಾರೆ. ವನಜ ನಗುವುದಿಲ್ಲ. ಬಿಟ್ಟುಹೋದ ಗಿರಾಕಿಗಳಲ್ಲಿ ಕೆಲವರು, ಹಬ್ಬ ಹತ್ತಿರ ಬಂದಾಗ ಏನೂ ಆಗಿಲ್ಲವೆಂಬಂತೆ ಮತ್ತೆ ಬಟ್ಟೆ ತಂದರು. ಅವಳು ಮಕ್ಕಳ ಮುಖ ನೋಡಿ ಹೊಲಿದುಕೊಟ್ಟಳು. ಆದರೆ ಪ್ರತಿಯೊಬ್ಬರಿಗೂ, ಆ ಪುಟ್ಟ ಅಂಗಿಗಳನ್ನೂ ಇದೇ ಮಿಶಿನಿನಲ್ಲಿ ಹೊಲಿಯುತ್ತೇನೆ ಎಂದು ಎದುರೇ ಹೇಳಿದಳು.

ಮಳೆ ಕಡಿಮೆಯಾದ ಒಂದು ಬೆಳಗ್ಗೆ ವಿನಯಾಳ ಫೋನು ಬಂತು. ಕಪಾಟಿನಲ್ಲಿದ್ದುದೆಲ್ಲ ಮುಗಿದಿದೆ, ಈಗ ಒಂದು ಬೇಕಿತ್ತು. ವನಜ ಸೀರೆ ಬದಲಿಸಲು ಹೊರಟಾಗ ಪ್ರಜ್ಞಾ ಆಗಲೇ ಚೀಲ ಹಿಡಿದು ನಿಂತಿದ್ದಳು.

"ನಾ ಹೋಪೆ ಚಿಕ್ಕೀ."

"ನಿಂಗ್ ಆತ್ತಾ ಮಗಾ? ಅದೇ ವಾರ್ಡ್."

"ಗೊತ್ತಿತ್ತ್. ನಾನೇ ಹೋಗ್ಬೇಕ್."

ವನಜ ತಡೆಯಲಿಲ್ಲ. ರಸ್ತೆಯವರೆಗೆ ಜೊತೆಗೆ ನಡೆದು, ಕುಂದಾಪುರದ ಬಸ್ಸಿಗೆ ಹತ್ತಿಸಿ ಬಂದಳು.

ಆಸ್ಪತ್ರೆಯಲ್ಲಿ ಆ ತಾಯಿ ಪ್ರಜ್ಞಾಳಿಗಿಂತ ಚಿಕ್ಕವಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪ್ರಜ್ಞಾ ಮಂಚದ ತುದಿಯಲ್ಲಿ ಕುಳಿತು, ತಾನು ಮೊದಲ ಸಲ ಪೂರ್ತಿಯಾಗಿ ಹೊಲಿದ ಅಂಗಿಯನ್ನು ಹೊರತೆಗೆದಳು. ಹೊಲಿಗೆ ಅಲ್ಲಲ್ಲಿ ಸೊಟ್ಟಗಿತ್ತು.

"ತಂಗಿ, ನಿನ್ನ್ ಮಗಿಗೆ ಇದ್ ಹಾಕುವನಾ? ನೀನೇ ಹಾಕ್ತ್ಯಾ?"

ಆ ಹುಡುಗಿ ನಿಧಾನವಾಗಿ ಈ ಕಡೆ ತಿರುಗಿ, ಎದ್ದು ಕುಳಿತಳು.