ಓರಗಿತ್ತಿಗೆ ಕಂಡಷ್ಟು ದಾಖಲೆ

ನೀರು ಸರಬರಾಜು ಮಂಡಳಿಯ ಕಚೇರಿಯಲ್ಲಿ ಒಂದೇ ಮನೆಯ ಇಬ್ಬರು ಸೊಸೆಯರು ಕೆಲಸ ಮಾಡುತ್ತಿದ್ದರು. ನಾಲ್ಕು ವರ್ಷಗಳಿಂದ ಅವರ ನಡುವೆ ಮಾತಿರಲಿಲ್ಲ. ಹಿರಿಯಾಕೆ ನೆಲಮಹಡಿಯ ದಾಖಲೆ ವಿಭಾಗದಲ್ಲಿ, ಕಿರಿಯಾಕೆ ಮೂರನೇ ಮಹಡಿಯ ಪ್ರಚಾರ ವಿಭಾಗದಲ್ಲಿ. ಕಚೇರಿಯಲ್ಲಿ ಏನಾದರೂ ತಿಳಿಸಬೇಕಾದರೆ ಕಡತದಲ್ಲಿ ಟಿಪ್ಪಣಿ ಬರೆಯುತ್ತಿದ್ದರು. ಮನೆಯಲ್ಲಾದರೆ ಅತ್ತೆ ಇದ್ದರು. ಕಡತ ತಲುಪಲು ಮೂರು ದಿನ ಬೇಕಾಗುತ್ತಿತ್ತು. ಅತ್ತೆ ಮೂರು ನಿಮಿಷದಲ್ಲಿ ತಲುಪಿಸುತ್ತಿದ್ದರು, ಒಗ್ಗರಣೆ ಸಮೇತ.

ಕಿರಿಯಾಕೆಯ ಕೆಲಸ ಮಂಡಳಿಯ ಸೋಷಿಯಲ್ ಮೀಡಿಯಾ ಪೇಜು ನೋಡಿಕೊಳ್ಳುವುದು. ಯಾವ ಬಡಾವಣೆಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ, ಬಾರದಿದ್ದರೆ ಅದರಲ್ಲಿ ಮಂಡಳಿಯ ತಪ್ಪು ಯಾಕಿಲ್ಲ ಎಂಬುದನ್ನೆಲ್ಲ ಅವಳು ಬರೆಯುತ್ತಿದ್ದಳು. ಹಿರಿಯಾಕೆಯ ಕೆಲಸ ಅದನ್ನೆಲ್ಲ ಕಾಪಿಡುವುದು. ಮಂಡಳಿ ಸಾರ್ವಜನಿಕವಾಗಿ ಹೇಳಿದ್ದು ಒಂದೇ ಗಂಟೆ ಪೇಜಿನಲ್ಲಿದ್ದರೂ ಅದು ದಾಖಲೆ ಎಂದು ನಿಯಮ. ದಿನಾ ಬೆಳಗ್ಗೆ ಹತ್ತಕ್ಕೆ ಅವಳು ಪೇಜು ತೆರೆದು, ಪ್ರತಿ ಪೋಸ್ಟಿನ ಕೆಳಗಿನ ಕಾಮೆಂಟುಗಳನ್ನೆಲ್ಲ ಬಿಡಿಸಿ, ಇದ್ದದ್ದು ಇದ್ದಹಾಗೆ ಪ್ರತಿ ತೆಗೆಯುತ್ತಿದ್ದಳು. ಕೆಳಗೆ ದಿನಾಂಕ, ಸಮಯ, ಮತ್ತು ಪ್ರತಿಯಲ್ಲಿ ಒಂದಕ್ಷರ ಅತ್ತಿತ್ತಾದರೂ ತಾನೂ ಬದಲಾಗಿಬಿಡುವ ಒಂದು ಉದ್ದನೆಯ ಸಂಖ್ಯೆ. "ಅಳಿಸಿದ್ದು ಅಳಿಸಿದವರ ಪಾಲಿಗೆ ಮಾತ್ರ ಅಳಿಯುತ್ತೆ," ಎನ್ನುವುದು ಅವಳ ಮಾತು. ಆ ಮಾತನ್ನು ಅವಳು ಯಾರೂ ಕೇಳದೆಯೂ ಹೇಳುತ್ತಿದ್ದಳು.

ಜಗಳ ಹುಟ್ಟಿದ್ದೂ ಅದರಿಂದಲೇ. ನಾಲ್ಕು ವರ್ಷದ ಹಿಂದೆ ಕಿರಿಯಾಕೆ ತನ್ನ ಸ್ವಂತ ಖಾತೆಯಲ್ಲಿ, 'ಕೆಲವರ ಮನೆಯಲ್ಲಿ ಇಬ್ಬರು ಅತ್ತೆಯರಿರುತ್ತಾರೆ, ಒಬ್ಬರು ವಯಸ್ಸಾದವರು, ಇನ್ನೊಬ್ಬರು ಹಾಗೆ ಕಾಣುವವರು' ಎಂದು ಬರೆದು, ಐದು ನಿಮಿಷದಲ್ಲಿ ಬುದ್ಧಿ ಬಂದು ಅಳಿಸಿದ್ದಳು. ಹಿರಿಯಾಕೆಗೆ ನಾಲ್ಕೇ ನಿಮಿಷ ಸಾಕಾಗಿತ್ತು. ಮರುದಿನ ತಿಂಡಿ ಹೊತ್ತಿಗೆ, ಸಮಯ ಮತ್ತು ಸಂಖ್ಯೆ ಸಹಿತ ಒಂದು ಮುದ್ರಿತ ಪ್ರತಿ ಅತ್ತೆಯ ತಟ್ಟೆಯ ಪಕ್ಕದಲ್ಲಿತ್ತು. ಅತ್ತೆ ಅದನ್ನು ಎರಡು ಸಲ ಓದಿ, ಕನ್ನಡಕ ಸಿಗುತ್ತಿಲ್ಲ ಎಂದರು. ಅಂದೇ ಕಿರಿಯಾಕೆ ತನ್ನ ಖಾತೆಯಿಂದ ಹಿರಿಯಾಕೆಯನ್ನು ಬ್ಲಾಕ್ ಮಾಡಿದಳು. ಅದಾದ ಮೇಲೆ ಎಣ್ಣೆ ಸೀಗೆಕಾಯಿ.

ಇಷ್ಟರಲ್ಲಿ ವಾಲ್ವ್‌ನವನ ಕೆಲಸಕ್ಕೆ ಕುತ್ತು ಬಂತು.

ಹತ್ತೊಂಬತ್ತು ವರ್ಷದಿಂದ ಉತ್ತರ ಬಡಾವಣೆಯ ನೀರು ಬಿಡುವ, ನಿಲ್ಲಿಸುವ ಆಸಾಮಿ ಅವನು. ಒಂದು ಮಂಗಳವಾರ ಅಲ್ಲಿ ನೀರಿನ ಪೈಪಿಗೆ ಚರಂಡಿ ಸೇರಿ ಅರವತ್ತು ಮನೆಯವರು ಹಾಸಿಗೆ ಹಿಡಿದರು. ಆ ದಿನ ಬೆಳಗ್ಗೆ ಏಳೂವರೆಗೆ ಮಂಡಳಿಯ ಪೇಜಿನಲ್ಲಿ, 'ಉತ್ತರ ಬಡಾವಣೆಯ ನೀರು ಶುದ್ಧವಾಗಿದೆ, ವದಂತಿಗೆ ಕಿವಿಗೊಡಬೇಡಿ' ಎಂದು ಬಂದಿತ್ತು. ಹನ್ನೊಂದೂವರೆಗೆ ಅದು ಮಾಯವಾಯಿತು. ಪೈಪು ಒಡೆದದ್ದು ಗೊತ್ತಿದ್ದೂ ಯಾರಿಗೂ ತಿಳಿಸಲಿಲ್ಲ ಎಂದು ವಾಲ್ವ್‌ನವನನ್ನು ಅಮಾನತು ಮಾಡಿದರು. ವಜಾ ಪತ್ರ ತಯಾರಾಗಿ ಸಹಿಗೆ ಕಾದಿತ್ತು. ಅವನು ಹೇಳಿದ್ದು ಇಷ್ಟೇ: ಏಳು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ, ಕೊನೆಗೆ ಆ ಪೋಸ್ಟಿನ ಕೆಳಗೇ ಬರೆದೆ. ಪ್ರಚಾರ ವಿಭಾಗ ಲಿಖಿತವಾಗಿ ಉತ್ತರಿಸಿತು: ಅಂಥ ಯಾವ ಕಾಮೆಂಟೂ ನಮ್ಮ ಗಮನಕ್ಕೆ ಬಂದಿಲ್ಲ.

ಅವನು ನೆಲಮಹಡಿಗೆ ಬಂದು ಬಾಗಿಲಲ್ಲಿ ನಿಂತ.

"ಮೇಡಂ, ನಾನು ಬರೆದಿದ್ದು ನಿಮ್ಮ ಹತ್ರ ಇರುತ್ತೆ ಅಂದ್ರು."

"ಎಲ್ಲಾರೂ ಬರೆದಿದ್ದೂ ನನ್ನ ಹತ್ರ ಇರುತ್ತೆ," ಎಂದಳು ಹಿರಿಯಾಕೆ. "ನೀನು ಇದುವರೆಗೆ ಎಲ್ಲಿದ್ದೆ?"

"ಮೂರನೇ ಮಹಡೀಲಿ ಕೇಳ್ತಿದ್ದೆ."

"ಹಾವಿನ ಹತ್ರ ಹೋಗಿ ಹಾಲು ಕೇಳಿದಂಗಾಯ್ತು."

ವಿಚಾರಣೆ ಸಭಾಕೊಠಡಿಯಲ್ಲಿ ನಡೆಯಿತು. ನೀರಿನ ಮಂಡಳಿಯ ಮೇಜಿನ ಮೇಲೆ ಅಂಗಡಿಯಿಂದ ತರಿಸಿದ ಆರು ಬಾಟಲಿ ನೀರಿತ್ತು. ಹೊರಗಿನಿಂದ ಬಂದ ವಿಚಾರಣಾಧಿಕಾರಿ ಮೆತ್ತಗೆ ಮಾತಾಡುವ ಮನುಷ್ಯ. ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಓರಗಿತ್ತಿಯರು ಮೇಜಿನ ಎರಡು ತುದಿಗೆ, ನಡುವೆ ವಾಲ್ವ್‌ನವ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

ಹಿರಿಯಾಕೆ ಮಂಗಳವಾರ ಹತ್ತು ಗಂಟೆಯ ಪ್ರತಿಯನ್ನು ಮುಂದಿಟ್ಟಳು. ಪೋಸ್ಟ್ ಇತ್ತು. ಅದರ ಕೆಳಗೆ, ಎಂಟು ಗಂಟೆ ಐದು ನಿಮಿಷಕ್ಕೆ, ವಾಲ್ವ್‌ನವನ ಕಾಮೆಂಟು: 'ನೀರು ಕುಡಿಯಬೇಡಿ. ಶಾಲೆ ಹಿಂದೆ ಪೈಪ್ ಒಡೆದಿದೆ, ಚರಂಡಿ ಸೇರ್ತಿದೆ. ಫೋನ್ ಯಾರೂ ಎತ್ತುತ್ತಿಲ್ಲ. ವಾಲ್ವ್ ಬಂದ್ ಮಾಡಲು ಆರ್ಡರ್ ಕೊಡಿ.'

ವಾಲ್ವ್‌ನವ ತಾನು ಬರೆದದ್ದನ್ನು ಬೆರಳಿಟ್ಟು ಓದಿ, ತಲೆಯಾಡಿಸಿದ.

"ಇದು ಸುಳ್ಳು ಪ್ರತಿ," ಎಂದಳು ಕಿರಿಯಾಕೆ. "ಸರ್, ನಮ್ಮಿಬ್ಬರ ಸಂಬಂಧ ಏನು ಅಂತ ಕಚೇರಿಗೆಲ್ಲ ಗೊತ್ತು. ನನ್ನ ಕೆಲಸ ಕಳೀಬೇಕು ಅಂತ ನಾಲ್ಕು ವರ್ಷದಿಂದ ಕಾದಿದಾರೆ."

"ಕೆಳಗಡೆ ಸಂಖ್ಯೆ ಇದೆ, ಪರೀಕ್ಷೆ ಮಾಡಿಸಿ," ಎಂದಳು ಹಿರಿಯಾಕೆ, ಅಧಿಕಾರಿಯನ್ನು ಮಾತ್ರ ನೋಡುತ್ತ. "ನಾನು ಸೇರಿಸೋದೂ ಇಲ್ಲ, ತೆಗೆಯೋದೂ ಇಲ್ಲ. ಬರೆದವರ ಹಣೆಬರಹ."

ಅಧಿಕಾರಿ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. "ಕಾಮೆಂಟ್ ಬರೆದಿದ್ದಾನೆ, ಸರಿ. ಆದರೆ ಅದನ್ನ ಮಂಡಳಿಯವರು ಯಾರಾದರೂ ನೋಡಿದರು ಅನ್ನೋದಕ್ಕೆ ಏನಿದೆ? ಗೋಡೆಗೆ ಬರೆದು ಹೋದ್ರೆ ತಿಳಿಸಿದ ಹಾಗಾಗಲ್ಲ. ಇಲ್ಲಿ ಕೆಳಗೆ 'ಒಂದು ಉತ್ತರ' ಅಂತ ಎಣಿಕೆ ತೋರಿಸ್ತಿದೆ. ಉತ್ತರ ಎಲ್ಲಿ?"

ಹಿರಿಯಾಕೆಗೆ ಆ ಎಣಿಕೆ ಹೊಸದಾಗಿರಲಿಲ್ಲ. ನಾಲ್ಕು ವರ್ಷದ ಪ್ರತಿಗಳಲ್ಲಿ ಅಂಥ ಎಣಿಕೆ ಎಷ್ಟೋ ಕಡೆ ಇತ್ತು, ಉತ್ತರ ಮಾತ್ರ ಎಲ್ಲೂ ಇರಲಿಲ್ಲ. ಕಿರಿಯಾಕೆ ಬರೆದ ಬೆನ್ನಿಗೇ ಅಳಿಸುತ್ತಾಳೆ ಎಂದೇ ಅವಳು ತಿಳಿದಿದ್ದಳು. ಆ ತಿಳಿವಳಿಕೆಯಿಂದ ಅವಳಿಗೆ ಒಂಥರಾ ನೆಮ್ಮದಿಯೂ ಇತ್ತು.

"ಉತ್ತರ ಇಲ್ಲ ಸರ್. ಎಣಿಕೆ ತಪ್ಪಿರಬೇಕು, ಇಲ್ಲ ಅಳಿಸಿರಬೇಕು. ಪ್ರಚಾರ ವಿಭಾಗದವರು ಯಾರಿಗೂ ಉತ್ತರ ಕೊಟ್ಟ ದಾಖಲೆಯೇ ನನ್ನ ಹತ್ರ ಇಲ್ಲ. ನಾಲ್ಕು ವರ್ಷದ್ದು ತೆಗೆದು ತೋರಿಸ್ತೀನಿ. ಜನ ಕೇಳ್ತಾರೆ, ಕೇಳ್ತಾರೆ, ಅಲ್ಲಿ ಯಾರೂ ಇರಲ್ಲ. ಸಂಬಳ ಮಾತ್ರ ಯಾರೋ ತಗೊಳ್ತಾರೆ."

ವಾಲ್ವ್‌ನವನ ಮುಖ ಇಳಿಯಿತು. ಯಾರೂ ನೋಡಲಿಲ್ಲ ಎಂದರೆ ಅವನು ತಿಳಿಸಿದಂತಾಗಲಿಲ್ಲ. ಹಿರಿಯಾಕೆ ಅವನ ದೋಣಿಯಲ್ಲಿ ಕೂತೇ ಅದಕ್ಕೆ ತೂತು ಕೊರೆದಿದ್ದಳು. ಓರಗಿತ್ತಿಗೆ ಚುಚ್ಚುವ ಸುಖದಲ್ಲಿ ಅವಳಿಗೆ ಅದು ಹೊಳೆಯಲೇ ಇಲ್ಲ.

ಕಿರಿಯಾಕೆ ಅಲ್ಲಿಗೆ ಸುಮ್ಮನಿದ್ದಿದ್ದರೆ ಗೆದ್ದಿದ್ದಳು. ಆದರೆ ಅವಳ ಪಾಡೂ ಒಂದಿತ್ತು. ಮಂಡಳಿಯ ಹೆಸರಲ್ಲಿ ಒಂದು ಸಾಲು ಉತ್ತರಿಸಬೇಕಾದರೂ ಮೇಲಿನವರ ಸಹಿ ಬೇಕಿತ್ತು, ಸಹಿ ಬರುವ ಹೊತ್ತಿಗೆ ಕೇಳಿದವರು ಮನೆ ಬದಲಾಯಿಸಿರುತ್ತಿದ್ದರು. ಹಾಗಾಗಿ ನಾಲ್ಕು ವರ್ಷದಿಂದ ಅವಳು ತನ್ನ ಸ್ವಂತ ಖಾತೆಯಿಂದಲೇ ಜನರಿಗೆ ಉತ್ತರ ಬರೆಯುತ್ತಿದ್ದಳು. ಬಸ್ಸಿನಲ್ಲಿ, ಒಲೆಯ ಮುಂದೆ, ಜ್ವರದಲ್ಲಿ ಮಲಗಿ. ಯಾರೂ ಭೇಷ್ ಎಂದಿರಲಿಲ್ಲ. ಈಗ ಸಂಬಳದ ಮಾತು ಬೇರೆ.

"ಯಾರಿಗೂ ಉತ್ತರ ಕೊಟ್ಟಿಲ್ವಾ?" ಎಂದಳು. "ಒಬ್ಬೊಬ್ಬರಿಗೂ ಕೊಟ್ಟಿದೀನಿ. ಮೀಟರ್ ಓಡ್ತಿಲ್ಲ ಅಂದವರಿಗೆ, ಜಾಸ್ತಿ ಓಡ್ತಿದೆ ಅಂದವರಿಗೆ. ಈ ಮನುಷ್ಯನಿಗೂ ಕೊಟ್ಟಿದೀನಿ. ಎಂಟೂ ಇಪ್ಪತ್ತಕ್ಕೆ. ಎಲ್ಲಿದೆ ಅದು ಇವರ ಪ್ರತೀಲಿ? ನೋಡಿ ಸರ್, ಕತ್ತರಿಸಿ ಹಾಕಿದಾರೆ. ಇದೇನಾ ಯಥಾವತ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಕಥೆ ಎಲ್ಲರಿಗೂ ಗೊತ್ತು. ಇವಳು ಹೆಗಲು ಮುಟ್ಟಿಕೊಳ್ಳಲಿಲ್ಲ, ಕಾಯಿ ನನ್ನದೇ ಎಂದು ಜಗಳಕ್ಕೆ ನಿಂತಳು.

"ಏನಂತ ಬರೆದಿದ್ರಿ ಅಮ್ಮಾ?" ಅಧಿಕಾರಿ ಇನ್ನೂ ಮೆತ್ತಗಾದರು.

"ನಿನ್ನ ಕೆಲಸ ನೀನು ನೋಡಿಕೋ, ಜನರನ್ನ ಹೆದರಿಸಬೇಡ, ಮೇಲೆ ತಿಳಿಸ್ತೀವಿ ಅಂ—"

ಅವಳು ಅಲ್ಲಿಗೇ ನಿಲ್ಲಿಸಿದಳು. ಗುಮಾಸ್ತನ ಪೆನ್ನು ನಿಲ್ಲಲಿಲ್ಲ.

"ಎಂಟೂ ಇಪ್ಪತ್ತು," ಅಧಿಕಾರಿ ಗುಮಾಸ್ತನಿಗೆ ಹೇಳಿದರು. "ಸಮಯವನ್ನ ಸರಿಯಾಗಿ ಬರಕೋ." ಆಮೇಲೆ ಹಿರಿಯಾಕೆಯ ಕಡೆ ತಿರುಗಿದರು. "ಹಾಗಾದ್ರೆ ಉತ್ತರ ಇತ್ತು. ನಿಮ್ಮ ಪ್ರತೀಲಿ ಯಾಕಿಲ್ಲ?"

ಹಿರಿಯಾಕೆ ಪ್ರತಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಕಚೇರಿಯ ಹೆಸರಲ್ಲಿ ಪೇಜು ನೋಡಲು ಒಂದು ಖಾತೆ ಕೊಡಿ ಎಂದು ಅವಳು ಕಡತದಲ್ಲಿ ಮೂರು ಸಲ ಕೇಳಿದ್ದಳು. 'ಪರಿಶೀಲನೆಯಲ್ಲಿದೆ' ಎಂದು ಕಿರಿಯಾಕೆ ಮೂರು ಸಲ ಬರೆದಿದ್ದಳು. ಹಾಗಾಗಿ ಅವಳು ತನ್ನ ಸ್ವಂತ ಖಾತೆಯಿಂದಲೇ ಪ್ರತಿ ತೆಗೆಯುತ್ತಿದ್ದಳು. ಬ್ಲಾಕ್ ಮಾಡಿದವರು ಬರೆದದ್ದು ಆ ಖಾತೆಗೆ ಎಲ್ಲೂ ಕಾಣುವುದಿಲ್ಲ, ಮಂಡಳಿಯ ಪೇಜಿನಲ್ಲೂ. ಇಡೀ ಊರಿಗೆ ಕಾಣುತ್ತಿದ್ದ ಓರಗಿತ್ತಿ ದಾಖಲೆಪಾಲಕಿ ಒಬ್ಬಳಿಗೆ ಮಾತ್ರ ಕಾಣುತ್ತಿರಲಿಲ್ಲ. ನಾಲ್ಕು ವರ್ಷದ ಸರಕಾರಿ ದಾಖಲೆ ಮುನಿಸಿಕೊಂಡ ಒಬ್ಬ ಹೆಂಗಸಿಗೆ ಕಂಡಷ್ಟೇ ಆಗಿತ್ತು.

"ನನಗೆ ಕಾಣಲ್ಲ," ಎಂದಳು, ಕೊನೆಗೆ. ಆ ಎರಡು ಪದ ಹೇಳಲು ಅವಳಿಗೆ ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು.

"ಯಾಕೆ ಕಾಣಲ್ಲ?"

"ಬ್ಲಾಕ್ ಮಾಡಿದಾರೆ."

"ಯಾಕೆ ಮಾಡಿದಾರೆ?"

"ಅದು ಮನೆ ವಿಷಯ," ಎಂದರು ಇಬ್ಬರೂ, ಒಟ್ಟಿಗೆ. ನಾಲ್ಕು ವರ್ಷದಲ್ಲಿ ಅವರು ಒಪ್ಪಿದ ಮೊದಲ ಸಂಗತಿ ಅದು. ಒಪ್ಪಿದ್ದಕ್ಕೆ ಇಬ್ಬರಿಗೂ ಇನ್ನಷ್ಟು ಸಿಟ್ಟು ಬಂತು.

ಅಧಿಕಾರಿ ಅಲ್ಲೇ ಆದೇಶ ಬರೆಸಿದರು. ವಾಲ್ವ್‌ನವ ತಿಳಿಸಿದ್ದಾನೆ, ಮಂಡಳಿ ಓದಿದೆ, ಓದಿ ಗದರಿಸಿದೆ. ಅಮಾನತು ರದ್ದು, ವಜಾ ಪತ್ರ ಹರಿಯುವುದು. ಪ್ರಚಾರ ವಿಭಾಗದಾಕೆಗೆ ನೋಟೀಸು. ದಾಖಲೆ ವಿಭಾಗದಾಕೆ ನಾಲ್ಕು ವರ್ಷದ ಪ್ರತಿಯೊಂದು ಪ್ರತಿಯ ಮೇಲೂ 'ಅಪೂರ್ಣ' ಎಂದು ಬರೆದು, ತನ್ನ ಕೈಯಾರೆ ಸಹಿ ಹಾಕತಕ್ಕದ್ದು.

"ಸಾವಿರದ ಮೇಲಿವೆ ಸರ್," ಎಂದಳು ಹಿರಿಯಾಕೆ.

"ಇರಲಿ. ನಿಮಗೆ ಕಾಪಿಡೋದು ಇಷ್ಟ ಅಂತ ಕೇಳಿದೀನಿ."

ಮೂವರೂ ಮೆಟ್ಟಿಲಿಳಿದರು. ಕಿರಿಯಾಕೆ ಗೋಡೆಗೆ ಹೇಳಿದಳು, "ಇವತ್ತೇ ಬ್ಲಾಕ್ ತೆಗೀತೀನಿ. ನೋಡ್ಲಿ. ನಾನು ಎಷ್ಟು ದುಡಿದಿದೀನಿ ಅಂತ ಕಣ್ತುಂಬ ನೋಡಿ ಹೊಟ್ಟೆ ಉರಕೊಳ್ಳಲಿ."

ಹಿರಿಯಾಕೆ ವಾಲ್ವ್‌ನವನ ಕಡೆ ತಿರುಗಿದಳು. "ಅವರಿಗೆ ಹೇಳಪ್ಪ. ತೆಗೆದ ತಕ್ಷಣ ಎಲ್ಲಾದಕ್ಕೂ ಪ್ರತಿ ಬೀಳುತ್ತೆ. ಬಸ್ಸಲ್ಲಿ ಕೂತು ಯಾರ್ಯಾರನ್ನ ಗದರಿಸಿದಾರೋ ಎಲ್ಲಾ."

"ಹೇಳು ಅವರಿಗೆ, ಹೆದರೋರು ಬೇರೆ ಮನೇಲಿದಾರೆ ಅಂತ."

ಇಬ್ಬರೂ ಅವನನ್ನೇ ನೋಡುತ್ತ ನಿಂತರು. ವಾಲ್ವ್‌ನವ ಕೈಯಲ್ಲಿದ್ದ ಆದೇಶದ ಪ್ರತಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ತುರುಕಿಕೊಂಡ.

"ನನ್ನ ಬಿಟ್ಟುಬಿಡಿ ಮೇಡಂ. ನಾಳೆ ಬೆಳಗ್ಗೆ ಆರಕ್ಕೆ ಡ್ಯೂಟಿ ನಂದು," ಎಂದು, ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.